ಅಪ್ಪ ಮಲಗಿದ್ದ ವರ್ಷ

ಕಳೆದ ವಾರ ಅರಿಶಿನದ ಕೊಂಬು ತರಲು ಗ್ರಂಥಿಗೆ ಅಂಗಡಿಗೆ ಹೋಗಿದ್ದೆ. ನನಗಿಂತ ಮುಂಚೆ ಬಂದಿದ್ದ ಅಜ್ಜಿಯೊಬ್ಬರು ಬಾಣಂತಿಗೆ ಬೇಕಾದ ಸಾಮಾನುಗಳನ್ನು ಒಂದೊಂದಾಗಿ ಹೇಳಿ ಕಟ್ಟಿಸಿಕೊಳ್ಳುತ್ತಿದ್ದರು. ಅಂಗಡಿಯವರು ಮೇಲಿನ ಸಾಲಿನಿಂದ ಒಂದು ತಗಡಿನ ಡಬ್ಬಿ ಇಳಿಸಿ ಮುಚ್ಚಳ ತೆಗೆದರು. ಬಜೆ ಬೇರಿನ ಘಾಟು ಮೂಗಿಗೆ ಬಡಿಯಿತು. ನಾನು ಬಂದ ಕೆಲಸ ಮರೆತು ಅಲ್ಲೇ ನಿಂತುಬಿಟ್ಟೆ. ‘ನಿಮಗೇನ್ ಬೇಕಿತ್ತು ಸಾರ್?’ ಅಂತ ಅವರು ಎರಡು ಸಲ ಕೇಳಿದ ಮೇಲೆಯೇ ಎಚ್ಚರವಾದದ್ದು.

ಎಳೆಮಕ್ಕಳಿಗೆ ಮಾತು ಚೆನ್ನಾಗಿ ಬರಲಿ ಅಂತ ನಮ್ಮ ಕಡೆ ಬಜೆ ತೇಯ್ದು ನಾಲಿಗೆಗೆ ಮುಟ್ಟಿಸುವುದುಂಟು. ಆರು ವರ್ಷದ ಹಿಂದೆ ನಮ್ಮ ಮನೆಯಲ್ಲೂ ನಮ್ಮವ್ವ ದಿನಾ ಬೆಳಿಗ್ಗೆ ತೇಯುತ್ತಿದ್ದಳು. ಕಲ್ಲಿನ ಸದ್ದು ಕೇಳದಿರಲಿ ಅಂತ ಅದರ ಕೆಳಗೆ ಹಳೇ ಪಂಚೆ ಮಡಿಸಿ ಇಡುತ್ತಿದ್ದಳು. ಮಗುವಿಗೆ ಮಾತು ಬರಲಿ ಅಂತ ಬಜೆ ಹಚ್ಚಿದ ಬೆರಳನ್ನೇ ತನ್ನ ತುಟಿಯ ಮೇಲಿಟ್ಟುಕೊಂಡು, ‘ಶ್, ಅಪ್ಪ ಮಲ್ಗವ್ನೆ’ ಅನ್ನುತ್ತಿದ್ದಳು. ಆ ಮಲಗಿದ್ದ ಅಪ್ಪ ನಾನೇ.

ಆಗ ನಾವು ವಿದ್ಯಾರಣ್ಯಪುರಂನ ಒಂದು ಬಾಡಿಗೆ ಮನೆಯಲ್ಲಿದ್ದೆವು. ಒಂದು ಹಾಲು, ಒಂದು ಅಡುಗೆಮನೆ, ಅಷ್ಟೇ. ಅದರಲ್ಲಿ ನಾನು, ನನ್ನ ಹೆಂಡತಿ ಸುಧಾ, ನರಸೀಪುರದ ಕಡೆಯ ಹಳ್ಳಿಯಿಂದ ಬಾಣಂತನಕ್ಕೆ ಅಂತ ಬಂದು ನಮ್ಮಲ್ಲೇ ಉಳಿದ ನನ್ನವ್ವ, ಮತ್ತು ಮಗಳು ಇಂಚರ. ಹಕ್ಕಿಯ ದನಿಯ ಹೆಸರು ಅದು. ಹೆರಿಗೆಗೆ ಮುಂಚೆಯೇ ಆ ಹೆಸರು ಹುಡುಕಿ ಇಟ್ಟಿದ್ದವನು ನಾನು. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸುವ ಜಾತಿ ನನ್ನದು.

ನನಗೆ ನೂಲಿನ ಮಿಲ್ಲಿನಲ್ಲಿ ಕೆಲಸ, ಆ ವರ್ಷ ಪೂರ್ತಿ ರಾತ್ರಿ ಪಾಳಿ. ಬೆಳಿಗ್ಗೆ ಎಂಟಕ್ಕೆ ಮನೆಗೆ ಬಂದರೆ ಹಾಲಿನ ನಡುವೆ ಚಾಪೆ ಹಾಸಿ ಮೂರು ಗಂಟೆಯವರೆಗೆ ನಿದ್ದೆ. ಪಾಳಿ ಬದಲಾದ ಹೊಸದರಲ್ಲಿ ಒಂದು ದಿನ ಯಂತ್ರದ ಪಕ್ಕದಲ್ಲೇ ತೂಕಡಿಸಿ ಅಂಗಿಯ ತೋಳು ಸಿಕ್ಕಿಸಿಕೊಂಡಿದ್ದೆ. ಜೊತೆಯವನೊಬ್ಬ ಎಳೆದದ್ದರಿಂದ ಕೈ ಉಳಿಯಿತು. ಮನೆಗೆ ಬಂದು ಹರಿದ ತೋಳು ತೋರಿಸಿದೆ. ಅವತ್ತಿನಿಂದ ಅವ್ವನಿಗೆ ನನ್ನ ನಿದ್ದೆ ಅಂದರೆ ದೇವರ ಗುಡಿಯ ನಂದಾದೀಪ. ಅದು ಆರಬಾರದು, ಅಷ್ಟೇ.

ಹಾಗಂತ ತಪ್ಪನ್ನೆಲ್ಲ ಅವ್ವನ ತಲೆಗೆ ಕಟ್ಟಿದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ಮಗುವಿಗೆ ಒಂಬತ್ತು ತಿಂಗಳಿರುವಾಗ ಒಂದು ಬೆಳಿಗ್ಗೆ ನನಗೆ ಕಣ್ಣು ಹತ್ತಿ ಒಂದು ಗಂಟೆಯೂ ಆಗಿರಲಿಲ್ಲ. ಇಂಚರ ಸ್ಟೀಲ್ ತಟ್ಟೆಗೆ ಚಮಚ ಬಡಿಯುತ್ತಾ ‘ಬಬಬಬಬ’ ಅಂತ ಕಿರುಚಿ ಕಿರುಚಿ ಹಾಡುತ್ತಿದ್ದಳು. ನಾನು ಎದ್ದು ಕೂತು, ‘ಮೊದ್ಲು ಬಾಯ್ ಮುಚ್ಚಿಸ್ರೇ ಅದುರ್ದು!’ ಅಂತ ಅಬ್ಬರಿಸಿದೆ. ನನ್ನ ದನಿಗೆ ಮಿಲ್ಲಿನ ಯಂತ್ರಗಳನ್ನು ಮೀರಿ ಕೂಗುವ ಅಭ್ಯಾಸ. ಮಗು ಬಾಯಿ ತೆರೆದುಕೊಂಡು ನನ್ನನ್ನೇ ನೋಡಿತು. ಆ ಬಾಯಿಂದ ಅಳುವೂ ಬರಲಿಲ್ಲ. ಅವ್ವ ಅದನ್ನು ಎತ್ತಿಕೊಂಡು ಹೊರಗೆ ಓಡಿದಳು. ನಾನು ಮತ್ತೆ ಮುಸುಕು ಹಾಕಿಕೊಂಡು ಮಲಗಿದೆ. ಮಲಗಿದೆ ಅನ್ನುವುದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ನಮ್ಮ ಮನೆ ಸದ್ದಡಗಿತು. ಬಾಗಿಲಿನ ಕೀಲಿಗೆ ಕೊಬ್ಬರಿ ಎಣ್ಣೆ ಬಿತ್ತು. ಸೀರೆಗೆ ಫಾಲ್ ಹೊಲಿಯುತ್ತಿದ್ದ ಸುಧಾ ಹೊಲಿಗೆ ಮಿಷನ್ನಿಗೆ ಬಟ್ಟೆ ಮುಚ್ಚಿ ಕೈಯಲ್ಲೇ ಹೊಲಿಯತೊಡಗಿದಳು. ಮಿಕ್ಸಿ ಸಂಜೆ ಮಾತ್ರ. ಸೋದರಮಾವ ತಂದಿದ್ದ ಕಾಲ್ಗೆಜ್ಜೆಗೆ ಅವ್ವ ಬಟ್ಟೆಯ ಪಟ್ಟಿ ಸುತ್ತಿ ದಾರ ಕಟ್ಟಿದಳು, ಮಗು ಅಂಬೆಗಾಲಿಟ್ಟರೆ ಬೆಕ್ಕು ನಡೆದ ಹಾಗೆ. ಅಳು ‘ಕುಂಯ್’ ಅನ್ನುವಷ್ಟರಲ್ಲಿ ಯಾರಾದರೂ ಎತ್ತಿಕೊಂಡುಬಿಡುತ್ತಿದ್ದರು. ಅತ್ತೆ ಸೊಸೆ ಪಿಸುಪಿಸು ಮಾತಾಡುತ್ತಿದ್ದರು. ಮೂರು ಗಂಟೆಗೆ ನಾನೆದ್ದ ಮೇಲಾದರೂ ದನಿ ಎತ್ತಬಹುದಿತ್ತಲ್ಲ? ಎತ್ತಲಿಲ್ಲ. ರೂಢಿ ಅನ್ನುವುದು ಹಾಗೇ. ‘ನಿಮ್ಮ ಪಾಪು ಎಷ್ಟು ಸಾಧು ಕಣ್ರೀ, ಇದೆ ಅಂತಲೇ ಗೊತ್ತಾಗಲ್ಲ’ ಅಂತ ಅಕ್ಕಪಕ್ಕದವರು ಹೊಗಳಿದರೆ ನಾನು ಮೀಸೆ ತಿರುವುತ್ತಿದ್ದೆ.

ಮಗುವಿಗೆ ವರ್ಷ ತುಂಬಿತು, ಮೇಲೆ ಮೂರು ನಾಲ್ಕು ತಿಂಗಳೂ ಆಯಿತು. ಒಂದು ಮಾತಿಲ್ಲ. ಹೊಗಳಿದವರೇ ಈಗ ಕಿವಿ ಕೇಳಿಸುತ್ತೋ ಇಲ್ಲವೋ ಅನ್ನತೊಡಗಿದರು. ಸುಧಾ ಮಗುವಿನ ಹಿಂದೆ ನಿಂತು ಮೆಲ್ಲಗೆ ಚಪ್ಪಾಳೆ ತಟ್ಟಿ ನೋಡುತ್ತಿದ್ದಳಂತೆ. ತಿರುಗಿ ನೋಡುತ್ತದೆ, ಆದರೆ ಮಾತಾಡುವುದಿಲ್ಲ. ಅವ್ವ ಬಜೆಯನ್ನು ಎರಡು ಹೊತ್ತು ತೇಯತೊಡಗಿದಳು. ನಾನು ಮಾತ್ರ, ‘ನಮ್ಮ ವಂಶದಲ್ಲಿ ಎಲ್ಲರಿಗೂ ಮಾತು ತಡ’ ಅಂತ ಯಾರೂ ಕೇಳದ ವಂಶದ ಕತೆ ಹೇಳುತ್ತಾ ತಿರುಗಿದೆ.

ಆಷಾಢದ ಗಾಳಿ ಬೀಸುತ್ತಿದ್ದ ಒಂದು ಗುರುವಾರ. ನನಗೆ ವಾರದ ರಜೆ. ಬೆಳಗಿನ ಹೊತ್ತಿನಲ್ಲಿ ನಾನು ಎಚ್ಚರವಿದ್ದುದೇ ಅಪರೂಪ. ಇಂಚರ ಹೊಸ್ತಿಲ ಒಳಗೆ ಕೂತಿದ್ದಳು. ಹೊರಗೆ ಕಾಂಪೌಂಡಿನ ಮೇಲೆ ಒಂದು ಕಾಗೆ. ಅವಳ ಕೈಯಲ್ಲಿ ದೋಸೆಯ ಚೂರು. ಕೈ ಮುಂದೆ ಚಾಚಿ, ಕತ್ತು ಓರೆ ಮಾಡಿ, ಹುಬ್ಬು ಏರಿಸಿ, ತುಟಿ ಆಡಿಸುತ್ತಿದ್ದಳು. ಸದ್ದಿಲ್ಲ. ಬರೀ ಉಸಿರು.

ಇಲ್ಲಿ ನಮ್ಮ ಮಿಲ್ಲಿನ ಒಂದು ಸಂಗತಿ ಹೇಳಬೇಕು. ಯಂತ್ರಗಳ ಮೊರೆತದಲ್ಲಿ ಪಕ್ಕದವನ ಮಾತೂ ಕೇಳುವುದಿಲ್ಲ. ಅಲ್ಲಿ ನಾವೆಲ್ಲ ಮಾತಾಡುವುದು ತುಟಿಯಲ್ಲೇ. ‘ಟೀ ಬಂತು’, ‘ದಾರ ಕಡೀತು’, ‘ಮೇಸ್ತ್ರಿ ಬರ್ತಾವ್ನೆ’, ಎಲ್ಲವನ್ನೂ ತುಟಿ ಅಗಲಿಸಿ ಹೇಳುತ್ತೇವೆ, ಕಣ್ಣಿನಲ್ಲಿ ಕೇಳುತ್ತೇವೆ. ಹತ್ತು ವರ್ಷ ಮಾಡಿದ ಮೇಲೆ ಅದು ನಮಗೆ ಇನ್ನೊಂದು ಓದು.

ಹಾಗಾಗಿ ಆ ಹೊಸ್ತಿಲಲ್ಲಿ ನನ್ನ ಮಗಳು ಹೇಳುತ್ತಿದ್ದುದನ್ನು ನಾನು ಓದಿದೆ. ‘ಬಾ. ಬಾ. ಮಮ್ಮು. ಬಾ.’ ಕಾಗೆ ಹಾರಿಹೋಯಿತು. ಅವಳು ನನ್ನ ಕಡೆ ತಿರುಗಿದಳು. ತುಟಿಗಳು ಕೂಡಿದವು, ಬಿಟ್ಟವು. ‘ಅಪ್ಪ.’

ಮಾತು ಬಂದಿಲ್ಲ, ಬಂದಿಲ್ಲ ಅಂತ ನಾವು ಕಾಯುತ್ತಿದ್ದೆವು. ಮಾತು ಬಂದು ಮನೆ ತುಂಬಿಕೊಂಡು ಕೂತಿತ್ತು. ಯಾರನ್ನು ಕರೆಯಬೇಕು, ಏನು ಕೊಡಬೇಕು, ಎಷ್ಟು ಸಲ ಕೇಳಬೇಕು, ಎಲ್ಲ ಆ ಅಂಗೈಯಗಲದ ಮುಖಕ್ಕೆ ಗೊತ್ತಿತ್ತು. ದನಿಯೊಂದು ಬಿಟ್ಟು. ಮಾತು ಅಂದರೆ ಹೀಗೇ ಇರುತ್ತದೆ ಅಂತ ಅವಳು ತಿಳಿದಿದ್ದಳು. ನಾವು ತೋರಿಸಿಕೊಟ್ಟದ್ದು ಹಾಗಲ್ಲವೇ?

ಒಳಗೆ ಓಡಿ ಅವ್ವನ ಕೈ ಹಿಡಿದೆಳೆದು ತಂದೆ. ‘ಅವ್ವ, ಇವ್ಳು ಮಾತಾಡ್ತಾವ್ಳೆ ನೋಡು!’

ಅವ್ವ ನೋಡಿದಳು. ಆಶ್ಚರ್ಯವೇನೂ ಪಡಲಿಲ್ಲ. ‘ಊಂ ಕಣ್ಲಾ ಮಗ. ಅವ್ಳು ಯಾವಾಗ್ಲೂ ಅಂಗೇ ಅಲ್ವ ಮಾತಾಡದು’ ಅಂದಳು, ಪಿಸುದನಿಯಲ್ಲಿ.

ಮಾರನೆಯ ದಿನವೇ ಕಿವಿ, ಮಾತಿನ ತೊಂದರೆ ನೋಡುವ ಆಸ್ಪತ್ರೆಗೆ ಮೂವರೂ ಹೋದೆವು. ಮಗುವನ್ನು ಸದ್ದು ನುಗ್ಗದ ಕೋಣೆಯಲ್ಲಿ ಸುಧಾಳ ತೊಡೆಯ ಮೇಲೆ ಕೂರಿಸಿ ಪರೀಕ್ಷೆ ಮಾಡಿದರು. ಕಿವಿಗೆ ಏನೂ ಆಗಿಲ್ಲ ಅಂದರು. ಆಮೇಲೆ ಚಿಕ್ಕ ವಯಸ್ಸಿನ ಒಬ್ಬರು ಮೇಡಂ ಎದುರಿಗೆ ಕೂತು ಒಂದೊಂದೇ ಕೇಳಿದರು. ಮಗು ಏನು ತಿನ್ನುತ್ತೆ, ಯಾರ ಜೊತೆ ಆಡುತ್ತೆ, ದಿನಾ ಏನೇನು ಮಾಡುತ್ತೆ. ಅವ್ವ ಹೇಳಿದಳು, ಸುಧಾ ಹೇಳಿದಳು. ಮೇಡಂ ಕುರ್ಚಿ ಮುಂದೆ ಎಳೆದುಕೊಂಡರು. ಮತ್ತೆ ಎಳೆದುಕೊಂಡರು. ಕೊನೆಗೆ ಮೇಜಿನ ಮೇಲೆ ಪೂರ್ತಿ ಬಾಗಿ, ‘ಅಮ್ಮ, ನಿಮ್ಮಿಬ್ಬರಿಗೂ ಗಂಟಲು ಕಟ್ಟಿದೆಯಾ?’ ಅಂತ ಕೇಳಿದರು.

ಅವ್ವ ಸುಧಾಳ ಮುಖ ನೋಡಿದಳು. ಸುಧಾ ನನ್ನ ಮುಖ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು, ‘ನನಗೆ ರಾತ್ರಿ ಪಾಳಿ ಮೇಡಂ’ ಅಂದೆ. ತಟ್ಟೆ ಬಡಿದ ದಿನದ ಅಬ್ಬರವನ್ನೂ ಮುಚ್ಚಿಡದೆ ಹೇಳಿದೆ. ‘ಅವತ್ತು ನಾನೇ ಇವಳ ದನಿ ಕಿತ್ತುಕೊಂಡೆನಾ?’ ಅಂತ ಕೇಳುವಾಗ ನನ್ನ ದನಿಯೂ ಇಳಿದಿತ್ತು.

‘ಒಂದು ದಿನದ ಕೂಗಿನಿಂದ ಹೀಗಾಗಲ್ಲ ಸಾರ್’ ಅಂದರು ಅವರು. ‘ಮಗು ತಾನು ಕೇಳಿದ್ದನ್ನ ಕಲಿಯುತ್ತೆ, ನೀವು ಪಿಸುಮಾತು ಕಲಿಸಿದ್ದೀರಿ. ಪಾಪ, ಒಳ್ಳೇ ವಿದ್ಯಾರ್ಥಿನಿ. ಈಗ ದನಿ ಕಲಿಸಿ. ಸ್ನಾನ ಮಾಡಿಸ್ತಾ, ಸೊಪ್ಪು ಬಿಡಿಸ್ತಾ ಮಾತಾಡ್ತಾನೇ ಇರಿ. ಹಾಡು ಹೇಳಿ, ಆಟ ಆಡಿಸಿ. ಒಂದೇ ಹಾಡನ್ನ ದಿನಾ ಹೇಳಿ. ಕೊನೇ ಮಾತು ಬರೋ ಮುಂಚೆ ನಿಲ್ಲಿಸಿ, ಅವಳ ಮುಖ ನೋಡ್ತಾ ಕಾಯಿರಿ. ಅವಳ ಸರದಿ ಅವಳಿಗೆ ಬಿಡಿ.’ ಆಮೇಲೆ ಅವ್ವನ ಕಡೆ ತಿರುಗಿ, ‘ನಾಲಿಗೆಗೆ ಹಚ್ಚೋದೆಲ್ಲ ಬೇಡ ಅಮ್ಮ. ನಿಮಗೆ ಹಾಡು ಬರುತ್ತಾ?’ ಅಂದರು.

ಅವ್ವ ತಲೆ ತಗ್ಗಿಸಿದಳು. ನಮ್ಮೂರಿನ ನಾಟಿ ಗದ್ದೆಯಲ್ಲಿ ಹಾಡಿನ ಮುಂದಿನ ಸಾಲು ಎತ್ತಿಕೊಡುತ್ತಿದ್ದವಳು ಅವಳು. ಹಾದಿಯಲ್ಲಿ ಹೋಗುವವರ ಮೇಲೆ ನಿಂತ ನಿಲುವಿನಲ್ಲೇ ಪದ ಕಟ್ಟಿ ರೇಗಿಸುತ್ತಿದ್ದಳು. ಅವಳ ಬಾಯಿಗೆ ಹೆದರಿ ಗೌಡರೂ ಬೇರೆ ದಾರಿ ಹಿಡಿಯುತ್ತಿದ್ದರಂತೆ. ‘ಬತ್ತದೆ ಕಣ್ ತಾಯಿ’ ಅಂದಳು. ‘ಆದ್ರೆ ಮಗ ಮಲ್ಗಿರ್ತನಲ್ಲ.’

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಗಾದೆ ಕೇಳಿದ್ದೆ. ಆ ಗಾದೆಯ ಮನುಷ್ಯ ನಾನೇ ಅಂತ ಆಟೋದಲ್ಲಿ ಮನೆಗೆ ಬರುವಾಗ ಗೊತ್ತಾಯಿತು.

ಹಾಡಿ ಅಂದ ತಕ್ಷಣ ಹಾಡು ಬರುತ್ತದೆಯೇ? ನಾನು ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದೆ. ಅವ್ವ ಮಗುವಿನ ಮುಂದೆ ಕೂತು ಬಾಯಿ ತೆರೆಯುವಳು, ಚಾಪೆಯ ಕಡೆ ನೋಡುವಳು, ದನಿ ಅಲ್ಲೇ ಇಂಗಿಹೋಗುವುದು. ಒಂದು ವಾರ ಹೀಗೇ ಕಳೆಯಿತು. ಕೊನೆಗೆ ಮನೆ ಮಾಲೀಕರನ್ನು ಕೇಳಿ, ತಾರಸಿಯ ಮೆಟ್ಟಿಲ ಮೇಲಿದ್ದ ಪುಟ್ಟ ಕೋಣೆಗೆ ನನ್ನ ಚಾಪೆ ಸಾಗಿಸಿದೆ. ಅಲ್ಲಿ ಹಳೇ ಬಕೆಟ್ಟು, ಮುರಿದ ಫ್ಯಾನು, ಜೊತೆಗೆ ನಾನು. ‘ಈಗ ಮನೆ ನಿಂದು ಕಣವ್ವ, ಸೂರು ಹಾರೋ ಹಂಗೆ ಹಾಡು’ ಅಂದೆ.

ಮೆಟ್ಟಿಲ ಕಿಂಡಿಯಿಂದ ಕೆಳಗಿನ ಸದ್ದು ಸೀದಾ ಮೇಲೆ ಬರುತ್ತಿತ್ತು. ಮೊದಲನೆಯ ದಿನ ಕೆಮ್ಮು ಕೇಳಿಸಿತು. ಆಮೇಲೆ ಒಡಕಲು ದನಿ. ಆರೇಳು ತಿಂಗಳು ಮುಚ್ಚಿಟ್ಟ ದನಿ ಅದು, ಸಾಲಿನ ನಡುವೆ ಉಸಿರಿಲ್ಲದೆ ನಿಲ್ಲುತ್ತಿತ್ತು. ನನ್ನ ಮಗಳ ದನಿ ಒಂದೇ ಅಲ್ಲ, ಹೆತ್ತವಳ ದನಿಯನ್ನೂ ನನ್ನ ಚಾಪೆಯ ಕೆಳಗೇ ಹಾಕಿಕೊಂಡು ಮಲಗಿದ್ದೆನಲ್ಲ ಅಂತ ಅತ್ತೆ.

ಶ್ರಾವಣ ಬರುವಷ್ಟರಲ್ಲಿ ಅವ್ವ ಹಳೇ ಅವ್ವನಾಗಿದ್ದಳು. ಗೆಜ್ಜೆಯ ಪಟ್ಟಿ ಬಿಚ್ಚಿದಳು. ಸುಧಾಳ ಮಿಷನ್ನು ಟರ್ರ್ ಅನ್ನುತ್ತಿತ್ತು. ಸುಧಾ ಅದರ ತಾಳಕ್ಕೇ ಮಗುವಿನ ಜೊತೆ ‘ಹೋಯ್ತು ಹೋಯ್ತು ದಾರ ಹೋಯ್ತು, ಬಂತು ಬಂತು ಸೂಜಿ ಬಂತು’ ಅಂತ ಏನೋ ಹಾಡಿಕೊಳ್ಳುತ್ತಿದ್ದಳು. ಅವ್ವನದು ಬೆರಳಾಟ. ಮಗುವಿನ ಒಂದೊಂದೇ ಬೆರಳು ಮಡಿಸುತ್ತಾ, ‘ಇದು ಮುದ್ದೆ, ಇದು ಸೊಪ್ಪು, ಇದು ಉಪ್ಪು, ಇದು ತುಪ್ಪ, ಇದು ಮಜ್ಜಿಗೆ. ಎಲ್ಲಾನೂವೆ ತಿಂದ್ಬುಟ್ಟು ಓಯ್ತು ಓಯ್ತು ಕಳ್ಳಬೆಕ್ಕು!’ ಅಂತ ಬೆರಳುಗಳನ್ನು ಅಂಗೈಯಿಂದ ಕಂಕುಳವರೆಗೆ ಓಡಿಸುವಳು.

ಆಗ ನನಗೆ ತಿಳಿದದ್ದು, ನನ್ನ ಮಗಳು ನಗುವುದೂ ಸದ್ದಿಲ್ಲದೆ ಅಂತ. ಮೈ ಕುಲುಕುತ್ತದೆ, ಹಲ್ಲು ಕಾಣುತ್ತದೆ, ಕಣ್ಣಲ್ಲಿ ನೀರು, ದನಿ ಇಲ್ಲ. ನಿದ್ದೆ ಬಿಟ್ಟು ಕಿಟಕಿಯಾಚೆ ನಿಂತು ನೋಡುತ್ತಿದ್ದೆ. ಹತ್ತು ದಿನ ಬೆಕ್ಕು ಓಡಿತು. ಹನ್ನೊಂದನೆಯ ದಿನ ಅವ್ವ ಬೇಕಂತಲೇ ಬೆಕ್ಕನ್ನು ಮೊಣಕೈಯಲ್ಲಿ ನಿಲ್ಲಿಸಿ ಕಾದಳು. ಮಗು ಕಾದಿತು. ಕಾದು ಕಾದು ಸಾಕಾಗಿ ತಾನೇ ಅಜ್ಜಿಯ ಕೈಯನ್ನು ಕಂಕುಳಿಗೆ ಎಳೆದುಕೊಂಡಿತು, ಆಗ ‘ಕ್ಹೆ’ ಅಂತ ಒಂದು ಸದ್ದು ಹೊರಗೆ ಬಿತ್ತು. ಮಗು ಬೆಚ್ಚಿ ಅತ್ತಿತ್ತ ನೋಡಿತು. ಎಲ್ಲಿಂದ ಬಂತು ಇದು ಅಂತ ಹುಡುಕಿತು! ತನ್ನ ದನಿಯೇ ಅಂತ ಅದಕ್ಕೆ ಗೊತ್ತಿರಲಿಲ್ಲ. ಮತ್ತೆ ಬೆಕ್ಕು ಓಡಿತು, ಮತ್ತೆ ‘ಕ್ಹೆ’. ಈ ಸಲ ಅದು ತನ್ನ ಗಂಟಲ ಮೇಲೆ ಕೈ ಇಟ್ಟುಕೊಂಡಿತು. ಪ್ರಪಂಚದಲ್ಲಿ ದೊಡ್ಡ ದೊಡ್ಡದನ್ನು ಕಂಡುಹಿಡಿದವರು ಇದ್ದಾರೆ. ನಾನು ಕಣ್ಣಾರೆ ಕಂಡದ್ದು ಇದೊಂದೇ.

ನಗುವಿಗೆ ದನಿ ಬಂತು. ಸೀರೆಯ ಜೋಲಿಯಲ್ಲಿ ತೂಗುವಾಗ ‘ಮ್ ಮ್’ ಅನ್ನುವ ಗುನುಗು ಬಂತು. ದಸರಾ ಹತ್ತಿರವಾಗಿ ಆನೆಗಳಿಗೆ ಕುಶಾಲತೋಪಿನ ತಾಲೀಮು ಕೊಡುವ ಢಮಾರ್ ಸದ್ದು ನಮ್ಮ ಬೀದಿಗೂ ಕೇಳಿದಾಗ, ಹೆದರುವ ಬದಲು ಅಜ್ಜಿಯ ಮುಖ ನೋಡಿ ‘ಮ್!’ ಅಂದಳು. ಆದರೆ ಮಾತು ಮಾತ್ರ ತುಟಿಯಲ್ಲೇ. ನಾನು ಓದುತ್ತಿದ್ದೆ, ಹೊಸ ಹೊಸ ಮಾತು ಸೇರುತ್ತಲೇ ಇತ್ತು. ಒಂದಕ್ಕೂ ದನಿ ಇರಲಿಲ್ಲ. ಮೇಡಂ ಹತ್ತಿರ ಹದಿನೈದು ದಿನಕ್ಕೊಮ್ಮೆ ಹೋದಾಗಲೆಲ್ಲ ಅವರು ಹೇಳಿದ್ದು ಒಂದೇ. ‘ಕಾಯಿರಿ. ಅವಳ ಬಾಯಿಂದ ನೀವು ಹೇಳಬೇಡಿ.’

ಕಾಯುವುದು ಎಷ್ಟು ಕಷ್ಟ ಅಂತ ಅವ್ವನನ್ನು ನೋಡಿ ಕಲಿತೆ. ನನ್ನ ಮೇಲೇ ಒಂದು ಪದ ಕಟ್ಟಿದ್ದಳು ಅವಳು, ನಾಟಿ ಗದ್ದೆಯ ಹಳೇ ಚಾಳಿ.

ಕೋಳಿ ಕೂಗ್ತು ಕೊಕ್ಕೊಕ್ಕೋ,
ಕರಿಯ ಕೂಗ್ದ ಬೌ ಬೌ ಬೌ,
ಬಿಸ್ಲು ಬಂತು ಬಾಗ್ಲಿಗೆ,
ಗೊರ್ಕೆ ಒಡಿಯೋ ಗೂಬೆ ಅಪ್ಪ...

ಅಲ್ಲಿಗೆ ನಿಲ್ಲಿಸಿ ಮಗುವಿನ ಮುಖ ನೋಡುವಳು. ಕೊನೆಯ ಮಾತು ‘ಏಳು’. ಮಗುವಿನ ತುಟಿ ಅಗಲವಾಗುವುದು, ನಾಲಿಗೆ ಮೇಲೇಳುವುದು, ಉಸಿರು ಬರುವುದು. ಅವ್ವ ಕಾಯುವಳು. ಒಲೆಯ ಮೇಲೆ ಸಾರು ಉಕ್ಕಿದರೂ ಕಣ್ಣು ಕದಲಿಸಳು. ಆಮೇಲೆ ತಾನೇ ‘ಏಳು!’ ಅಂತ ನಕ್ಕು ಮಗುವನ್ನು ಮುದ್ದಿಸುವಳು. ದಿನಕ್ಕೆ ಇಪ್ಪತ್ತು ಸಲ. ಒಂದು ಸಲವೂ ‘ಯಾಕವ್ವ ಯೋಳಲ್ಲ?’ ಅಂತ ಬೈದದ್ದು ನಾನು ಕೇಳಲಿಲ್ಲ.

ಕಾರ್ತಿಕದ ಮಳೆಗೆ ಮೆಟ್ಟಿಲ ಮೇಲಿನ ಕೋಣೆ ಸೋರತೊಡಗಿತು. ಚಾಪೆ ಸುತ್ತಿಕೊಂಡು ಕೆಳಗೆ ಬಂದೆ. ‘ಇಲ್ಲೇ ಬಿದ್ಕಳ್ಲಾ’ ಅಂದಳು ಅವ್ವ. ‘ಅಷ್ಟು ದೊಡ್ಡ ಮಿಸೀನುಗಳ ಸದ್ದಲ್ಲೇ ತೂಕಡಿಸ್ದೋನು ನೀನು. ನನ್ ಮೊಮ್ಮಗ್ಳ ಸದ್ದಿಗೆ ಎಚ್ಚರಾಯ್ತೀಯಾ?’ ಇದನ್ನು ಒಂದು ವರ್ಷದ ಹಿಂದೆ ನಮ್ಮಲ್ಲಿ ಯಾರಾದರೂ ಯೋಚಿಸಿದ್ದರೆ! ಆ ಹಾಡು, ಗೆಜ್ಜೆ, ಮಿಷನ್ನಿನ ಗದ್ದಲದ ನಡುವೆ ನನಗೆ ಬಂದ ನಿದ್ದೆ ಆ ಪಿಸುಮಾತಿನ ಮನೆಯಲ್ಲಿ ಒಂದು ದಿನವೂ ಬಂದಿರಲಿಲ್ಲ.

ಎರಡೋ ಮೂರೋ ದಿನವಾಗಿರಬೇಕು. ಮಧ್ಯಾಹ್ನದ ಹೊತ್ತು. ಎದೆಯ ಮೇಲೆ ಭಾರವಾಯಿತು. ಇಂಚರ ಹತ್ತಿ ಕೂತಿದ್ದಳು. ಪುಟ್ಟ ಬೆರಳೊಂದು ನನ್ನ ಕಣ್ಣಿನ ರೆಪ್ಪೆಯನ್ನು ಎತ್ತಲು ನೋಡುತ್ತಿತ್ತು. ನಾನು ಅಲುಗಲಿಲ್ಲ, ನಿದ್ದೆಯ ಮಂಪರು ಇನ್ನೂ ಬಿಟ್ಟಿರಲಿಲ್ಲ. ಅಡುಗೆಮನೆಯಲ್ಲಿ ಅವ್ವ ಬೆಳ್ಳುಳ್ಳಿ ಸುಲಿಯುತ್ತಾ ಹಾಡುತ್ತಿದ್ದಳು. ಕೋಳಿ ಕೂಗಿತು, ಕರಿಯ ಕೂಗಿದ, ಬಿಸಿಲು ಬಂತು, ಗೂಬೆ ಅಪ್ಪ ಬಂದ. ರೂಢಿಯಂತೆ ಅಲ್ಲಿಗೆ ನಿಂತಿತು.

ನನ್ನ ಕೆನ್ನೆಗೆ ಬಿಸಿ ಉಸಿರು ತಾಗಿತು.

‘ಏಉ!’

ಎಳೆಯ ದನಿಯಲ್ಲ ಅದು. ಗೊಗ್ಗರು, ದಪ್ಪ. ಯಾರೋ ಗದ್ದೆಯ ಆ ಬದುವಿನಿಂದ ಕೂಗಿದ ಹಾಗಿತ್ತು. ಸುಧಾಳ ಮಿಷನ್ನು ಟಕ್ ಅಂತ ನಿಂತಿತು. ಅವ್ವ ಬೆಳ್ಳುಳ್ಳಿ ಮೊರವನ್ನು ಕೆಡವಿಕೊಂಡು ಓಡಿಬಂದಳು. ‘ಎದ್ದೇಳೋ ಮಾದೇವ! ಮಗಳು ಕರೀತಾವ್ಳೆ ಕಣೋ, ಎದ್ದೇಳೋ!’ ಅಂತ ಅಳುತ್ತಾ ನನ್ನ ಕಾಲು ಹಿಡಿದು ಅಲ್ಲಾಡಿಸಿದಳು.

ನಾನು ಒಂದು ಕಣ್ಣನ್ನು ಚೂರೇ ತೆರೆದು, ಮಿಲ್ಲಿನಲ್ಲಿ ಹೇಳುವ ಹಾಗೆ ಬರೀ ತುಟಿಯಲ್ಲಿ, ‘ಸುಮ್ನಿರವ್ವ’ ಅಂದೆ. ಅವ್ವನಿಗೆ ತಿಳಿಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಸುಧಾಳ ಕೈ ಹಿಡಿದು ನಿಂತಳು.

‘ಏಉ!’ ಅಂದಳು ಮಗಳು. ಈ ಸಲ ಇನ್ನೂ ಜೋರಾಗಿ, ಎರಡೂ ಕೈಯಿಂದ ನನ್ನ ಎದೆಗೆ ಬಡಿಯುತ್ತಾ.

ನನ್ನ ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು. ಒರೆಸಿಕೊಳ್ಳಲಿಲ್ಲ. ಇನ್ನೊಂದು ಸಲ ಕರೆಯಲಿ ಅಂತ, ಗಾಢ ನಿದ್ದೆಯಲ್ಲಿರುವವನ ಹಾಗೆ ಕಣ್ಣು ಮುಚ್ಚಿಕೊಂಡು ಗೊರಕೆ ಹೊಡೆದೆ.